ಸಮಸ್ಯೆ–ಪರಿಹಾರ ಪ್ರಬಂಧ: ರಚನೆ ಮತ್ತು ಮೌಲ್ಯಮಾಪನ, ಯಾದಗಿರಿ ಸೀಮೆಯ ನೆಲೆಯಿಂದ

ಊರಿನ, ಸಮಾಜದ ಅಥವಾ ಆಡಳಿತದ ಒಂದು ತೊಡಕನ್ನು ಎತ್ತಿಕೊಂಡು, ಅದರ ಕಾರಣಗಳನ್ನು ಬಿಡಿಸಿ ತೋರಿಸಿ, ಇಂಥವರು ಇಂಥ ಕೆಲಸ ಮಾಡಿದರೆ ಅದು ನೀಗುತ್ತದೆ ಎಂದು ಓದುಗರನ್ನು ಒಪ್ಪಿಸುವ ಬರಹವೇ ಸಮಸ್ಯೆ–ಪರಿಹಾರ ಪ್ರಬಂಧ. ಇದು ವಿಚಾರ ಪ್ರಬಂಧದ ಒಂದು ಬಗೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಎ.ಎನ್. ಮೂರ್ತಿರಾವ್ ಅವರಂಥವರು ಬೆಳೆಸಿದ ಲಲಿತ ಪ್ರಬಂಧಕ್ಕೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಮಾತ್ರ. ಲಲಿತ ಪ್ರಬಂಧವನ್ನು ಓದಿ ಸಂತೋಷಪಟ್ಟರೆ ಸಾಕು. ಇದನ್ನು ಓದಿದವರು ಏನಾದರೂ ಮಾಡಬೇಕು, ಕನಿಷ್ಠ ಮನಸ್ಸು ಬದಲಿಸಬೇಕು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಿಂದ ಹಿಡಿದು ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯವರೆಗೆ ಈ ಬಗೆಯ ಪ್ರಬಂಧ ಬರೆಯಬೇಕಾಗುತ್ತದೆ. ಆಯೋಗದ ಪ್ರಬಂಧ ಪತ್ರಿಕೆಗೆ 250 ಅಂಕ. ಎರಡು ಪ್ರಬಂಧ ಬರೆಯಬೇಕು, ಕನ್ನಡದಲ್ಲೂ ಬರೆಯಬಹುದು.

ಈ ಲೇಖನ ಯಾದಗಿರಿ ಜಿಲ್ಲೆಯನ್ನು ಮುಂದಿಟ್ಟುಕೊಳ್ಳುವುದಕ್ಕೆ ಕಾರಣವಿದೆ. ಪ್ರಬಂಧದ ವಿಷಯವೆಂದು ಪ್ರಶ್ನೆಪತ್ರಿಕೆಗಳಲ್ಲಿ ಬರುವ ಬಾಲ್ಯವಿವಾಹ, ಗುಳೆ, ಕುಡಿಯುವ ನೀರು, ಅನಕ್ಷರತೆ, ಬರ ಇವೆಲ್ಲ ಇಲ್ಲಿನ ಮಕ್ಕಳ ಮನೆಬಾಗಿಲಲ್ಲೇ ಇವೆ. ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ 2009ರ ಡಿಸೆಂಬರ್ 30ರಂದು ಈ ಜಿಲ್ಲೆಯಾಯಿತು. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಆಮೇಲೆ ಬಂದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83; ರಾಜ್ಯದ ಸರಾಸರಿ ಶೇ 75.36 ಇದ್ದಾಗ ಇದು ಎಲ್ಲ ಜಿಲ್ಲೆಗಳಿಗಿಂತ ಕಡಿಮೆ. ಹೆಣ್ಣುಮಕ್ಕಳ ಸಾಕ್ಷರತೆ ಸುಮಾರು ಶೇ 41. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು ಮತ್ತು ಯಾದಗಿರಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 73.40, ಶೇ 50.59 ಪಡೆದ ಯಾದಗಿರಿ ಪಟ್ಟಿಯ ಕೊನೆಯಲ್ಲಿತ್ತು.

ಇಷ್ಟು ಸಮಸ್ಯೆಗಳ ನಡುವೆ ಬೆಳೆಯುವ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಬರೆಯುವುದು ಮಾತ್ರ ಬೇರೆ ಯಾರದೋ ಪ್ರಬಂಧ. ಗೈಡುಗಳಲ್ಲಿ, ‘ಪಾಸಿಂಗ್ ಪ್ಯಾಕೇಜ್’ ಎಂದು ಹಂಚುವ ಹಾಳೆಗಳಲ್ಲಿ ಅಚ್ಚಾದ ಹತ್ತಿಪ್ಪತ್ತು ಸಾಲುಗಳನ್ನು ಬಾಯಿಪಾಠ ಮಾಡಿ ಇಳಿಸುತ್ತಾರೆ. ಗುಳೆ ಹೋಗಿ ಬಂದ ಮಗುವೂ ಗುಳೆಯ ಬಗ್ಗೆ ಅದೇ ಸಾಲು ಬರೆಯುತ್ತದೆ, ಗುಳೆ ನೋಡದ ಮಗುವೂ ಅದೇ ಸಾಲು ಬರೆಯುತ್ತದೆ, ಇಬ್ಬರಿಗೂ ಅಂಕ ಒಂದೇ. ಈ ತಪ್ಪು ಮಕ್ಕಳದಲ್ಲ. ಏನನ್ನು ಬರೆದರೆ ಅಂಕ ಸಿಗುತ್ತದೆಯೋ ಅದನ್ನೇ ಅವರು ಬರೆಯುತ್ತಾರೆ. ಆದ್ದರಿಂದ ಈ ಪ್ರಕಾರದಲ್ಲಿ ಬರವಣಿಗೆಯ ಮಾತನ್ನೂ ಮೌಲ್ಯಮಾಪನದ ಮಾತನ್ನೂ ಬೇರೆ ಬೇರೆ ಮಾಡಿ ಆಡುವಂತಿಲ್ಲ.

ಹಿನ್ನೆಲೆ

ವಾದ ಹೂಡಿ ಪರಿಹಾರ ಕೇಳುವ ಬರವಣಿಗೆ ಈ ಸೀಮೆಗೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲಬುರಗಿ ಜಿಲ್ಲೆಯ ಮರ್ತೂರಿನವನು, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ವಿವರಿಸುವ ವ್ಯವಹಾರಕ್ಕೆ, ಅಂದರೆ ನ್ಯಾಯದ ದಾವೆಗೆ, ನಾಲ್ಕು ಪಾದಗಳಿವೆ. ಮೊದಲನೆಯದು ಭಾಷಾಪಾದ, ದೂರು ಹೇಳುವುದು. ಎರಡನೆಯದು ಉತ್ತರಪಾದ, ಎದುರಾಳಿಯ ಮಾತು. ಮೂರನೆಯದು ಕ್ರಿಯಾಪಾದ, ಸಾಕ್ಷಿ ಪುರಾವೆ ಒದಗಿಸುವುದು. ನಾಲ್ಕನೆಯದು ಸಾಧ್ಯಸಿದ್ಧಿ, ಹೇಳಿದ್ದನ್ನು ಸಾಧಿಸಿ ತೋರಿಸುವುದು. ದೂರನ್ನು ಬರೆದುಕೊಳ್ಳುವಾಗ ವರ್ಷ, ಮಾಸ, ದಿನ, ಹೆಸರುಗಳನ್ನು ನಮೂದಿಸಬೇಕೆಂಬ ಕಟ್ಟಳೆಯೂ ಅಲ್ಲಿದೆ. ಇಂದಿನ ಶಾಲಾ ಪ್ರಬಂಧವನ್ನು ಈ ನಾಲ್ಕು ಪಾದಗಳ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ತಾನಾಗಿ ಕಾಣುತ್ತದೆ. ಎರಡನೆಯ ಪಾದ ಇಲ್ಲವೇ ಇಲ್ಲ. ಮೂರನೆಯದು ಗಾದೆ ಮಾತಿನಲ್ಲೋ ಮಹಾಪುರುಷರ ಹೇಳಿಕೆಯಲ್ಲೋ ಮುಗಿದುಹೋಗುತ್ತದೆ. ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೌಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ವಿಂಗಡಿಸಿದಾಗ ಅವನೂ ಎದುರುಮಾತಿಗೆ ಒಂದು ಸ್ಥಾನ ಕಾಯ್ದಿರಿಸಿದ. ಬರಹ ಕಲಿಸುವವರು ಜಗತ್ತಿನ ಹಲವೆಡೆ ಇಂದು ಬಳಸುವುದು ಅವನ ವಿಂಗಡಣೆಯನ್ನು.

1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದುವಾಗಿತ್ತು. ಅರ್ಜಿ, ತಕರಾರು, ಫಿರ್ಯಾದಿ ಎಂಬ ಮಾತುಗಳು ಇಂದಿಗೂ ತಹಶೀಲ್ ಕಚೇರಿಯ ಮುಂದೆ ಕೇಳಿಬರುತ್ತವೆ. ಓದು ಬರಹ ಬಾರದವರು ಬರೆಸಿಕೊಳ್ಳುವ ಆ ಅರ್ಜಿಗಳಲ್ಲಿ ಸರ್ವೆ ನಂಬರು, ತಾರೀಖು, ಯಾರಿಂದ ಏನಾಯಿತು, ಏನಾಗಬೇಕು ಎಂಬುದು ಇದ್ದೇ ಇರುತ್ತದೆ, ಏಕೆಂದರೆ ಅದಿಲ್ಲದ ಅರ್ಜಿಯನ್ನು ಗುಮಾಸ್ತರು ಹಿಂದಕ್ಕೆ ಕೊಡುತ್ತಾರೆ. ಪ್ರಬಂಧ ಪಾಠಕ್ಕೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ಈ ಪ್ರದೇಶದ ಭವಿಷ್ಯವನ್ನೇ ಬದಲಿಸಿದ ಸಮಸ್ಯೆ–ಪರಿಹಾರ ಬರಹವೆಂದರೆ ಡಾ. ಡಿ.ಎಂ. ನಂಜುಂಡಪ್ಪ ವರದಿ. ಪ್ರಾದೇಶಿಕ ಅಸಮತೋಲನ ನಿವಾರಣೆಗೆ ರಾಜ್ಯ ಸರ್ಕಾರ 2000ದಲ್ಲಿ ಅರ್ಥಶಾಸ್ತ್ರಜ್ಞ ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ನೇಮಿಸಿದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದಕ್ಕೂ ಮೊದಲು ‘ಉತ್ತರ ಕರ್ನಾಟಕ ಹಿಂದುಳಿದಿದೆ’ ಎಂಬುದು ಭಾಷಣದ ಮಾತಾಗಿತ್ತು. ಸಮಿತಿ 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನೂ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಕಲಬುರಗಿ ವಿಭಾಗದವು ಎಂದು ಹೆಸರು ಹಿಡಿದು ಹೇಳಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಪರಿಹಾರಕ್ಕೂ ಲೆಕ್ಕ ಕೊಟ್ಟಿತು: ಎಂಟು ವರ್ಷದ ವಿಶೇಷ ಅಭಿವೃದ್ಧಿ ಯೋಜನೆ, 31,000 ಕೋಟಿ ರೂಪಾಯಿ. ಆಮೇಲಿನ ವರ್ಷಗಳಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೇಳಿದವರ ಕೈಯಲ್ಲಿ ಆ ಅಂಕಿಅಂಶವಿತ್ತು. ಕೊನೆಗೆ ಆ ಸ್ಥಾನಮಾನ ಕೊಡುವ 371 (ಜೆ) ವಿಧಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂತು. ವಿಶೇಷ ಅಭಿವೃದ್ಧಿ ಯೋಜನೆಯ ಹಣ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂಬ ತಕರಾರು ಇನ್ನೂ ಮುಗಿದಿಲ್ಲ. ಆದರೆ ಆ ತಕರಾರನ್ನು ಎತ್ತಲು ಸಾಧ್ಯವಾಗಿರುವುದೇ ವರದಿಯಲ್ಲಿ ಹಣ, ಅವಧಿ, ತಾಲ್ಲೂಕುಗಳ ಹೆಸರು ಬರೆದಿದ್ದರಿಂದ. ಒಂಬತ್ತನೇ ತರಗತಿಯ ಹುಡುಗಿಗೆ ಪ್ರಬಂಧ ಕಲಿಸುವ ಶಿಕ್ಷಕರು ಆ ವರದಿಯ ಒಂದೆರಡು ಪುಟ ತೋರಿಸಿದರೆ ಅವಳ ತಾಲ್ಲೂಕಿನ ಹೆಸರು ಅವಳಿಗೆ ಅಲ್ಲಿ ಕಾಣುತ್ತದೆ.

ರಚನೆ

ಕೈಪಿಡಿಗಳು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗ ಹೇಳುತ್ತವೆ. ಅದು ಹೊರಗಿನ ಚೌಕಟ್ಟು ಮಾತ್ರ. ಒಳಗೆ ಏನಿರಬೇಕೆಂಬುದನ್ನು ಒಂದು ನಿಜವಾದ ವಿಷಯದ ಮೇಲೆ ಹೇಳುವುದೇ ಒಳ್ಳೆಯದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಮತ್ತು ಅದರ ಶಾಖಾ ಕಾಲುವೆಗಳು ಹುಣಸಗಿ, ಸುರಪುರ, ಶಹಾಪುರ ಭಾಗದ ಹೊಲಗಳಿಗೆ ಕೃಷ್ಣೆಯ ನೀರು ಕೊಡುತ್ತವೆ. ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಸರಿಯಾಗಿ ತಲುಪುವುದಿಲ್ಲ ಎಂಬುದು ಇಲ್ಲಿ ಪ್ರತಿವರ್ಷದ ಕೂಗು. ಇದರ ಬಗ್ಗೆ ಶಾಲೆಯ ಮಕ್ಕಳು ಬರೆಯುವ ಪ್ರಬಂಧ ಸಾಮಾನ್ಯವಾಗಿ ಹೀಗಿರುತ್ತದೆ:

“ನೀರು ಜೀವಜಲ. ರೈತ ದೇಶದ ಬೆನ್ನೆಲುಬು. ಇಂದು ಅನೇಕ ಕಡೆ ರೈತರಿಗೆ ನೀರು ಸಿಗುತ್ತಿಲ್ಲ. ಸರ್ಕಾರ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು. ಜನರಲ್ಲಿ ಜಾಗೃತಿ ಮೂಡಿಸಬೇಕು.”

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ. ಆದರೆ ಯಾವ ಊರು, ಯಾವ ಕಾಲುವೆ, ಯಾವ ತಿಂಗಳು ಎಂಬುದಿಲ್ಲ. ‘ಸರ್ಕಾರ’ ಎಂದರೆ ಯಾರು ಎಂಬುದಿಲ್ಲ. ಈ ಐದು ವಾಕ್ಯಗಳನ್ನು ಮಂಡ್ಯದ ಬಗ್ಗೆಯೂ ಬರೆಯಬಹುದು, ಚಿತ್ರದುರ್ಗದ ಬಗ್ಗೆಯೂ ಬರೆಯಬಹುದು. ಅದೇ ವಿಷಯವನ್ನು ಕಂಡಂತೆ ಬರೆದರೆ ಹೇಗಿರಬಹುದು ಎಂಬುದಕ್ಕೆ ಒಂದು ಮಾದರಿ:

“ನಮ್ಮ ಹೊಲ ವಿತರಣಾ ಕಾಲುವೆಯ ತುದಿಯಲ್ಲಿದೆ. ಮೇಲಿನ ಊರುಗಳವರು ಭತ್ತ ಹಚ್ಚುತ್ತಾರೆ. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ನಾವು ಹಾಕುವುದು ಹತ್ತಿ ಮತ್ತು ಮೆಣಸಿನಕಾಯಿ. ಅವಕ್ಕೆ ಹದವಾದ ತೇವ ಸಾಕು. ಆ ತೇವವೂ ಬೇಕಾದ ವಾರದಲ್ಲಿ ಸಿಗುವುದಿಲ್ಲ, ಏಕೆಂದರೆ ನೀರು ಮೇಲೆಯೇ ತೀರುತ್ತದೆ, ಉಳಿದದ್ದು ಒಡೆದ ಲೈನಿಂಗ್‌ನಲ್ಲಿ ಇಂಗುತ್ತದೆ. ಭತ್ತ ಹಚ್ಚುವವರನ್ನು ಬೈದು ಉಪಯೋಗವಿಲ್ಲ. ಭತ್ತಕ್ಕೆ ಖಚಿತವಾದ ಬೆಲೆಯಿದೆ ಎಂದು ಅವರು ಹೇಳುವುದು ಸುಳ್ಳಲ್ಲ. ಹಾಗಾದರೆ ಮಾಡಬೇಕಾದ್ದೇನು?”

ಇಲ್ಲಿ ಸಮಸ್ಯೆಗೆ ಜಾಗವಿದೆ, ಕಾರಣವಿದೆ, ಎದುರುಮಾತೂ ಇದೆ. ಕಾರಣ ಸರಿಯಾಗಿ ಗೊತ್ತಾದರೆ ಪರಿಹಾರದ ಅರ್ಧ ದಾರಿ ಸವೆದಂತೆಯೇ. ಈ ಕಾಲುವೆಗಳು ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆ ರೂಪುಗೊಂಡದ್ದು ಬಹುಪಾಲು ಅರೆನೀರಾವರಿ ಬೆಳೆಗಳನ್ನು ಲೆಕ್ಕಕ್ಕಿಟ್ಟು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಾದಷ್ಟೂ ಆ ಲೆಕ್ಕ ತಪ್ಪುತ್ತದೆ. ಇದಕ್ಕೆ ‘ಕಾಲುವೆ ದುರಸ್ತಿ ಮಾಡಿ’ ಎಂಬ ಒಂದೇ ಪರಿಹಾರ ಸಾಲದು. ನೀರು ಬಿಡುವ, ನಿಲ್ಲಿಸುವ ದಿನಗಳನ್ನು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ. ಕಾಲುವೆ ನೋಡಿಕೊಳ್ಳುವುದು ಕೃಷ್ಣಾ ಭಾಗ್ಯ ಜಲ ನಿಗಮ. ಹೊಲಗಾಲುವೆ ಮತ್ತು ಅಚ್ಚುಕಟ್ಟು ಅಭಿವೃದ್ಧಿಯ ಕೆಲಸಕ್ಕೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯಿದೆ. ತೂಬಿನಿಂದ ಕೆಳಗೆ ನೀರು ಹಂಚಿಕೊಳ್ಳಲು ನೀರು ಬಳಕೆದಾರರ ಸಹಕಾರ ಸಂಘಗಳಿವೆ. ವಾರಾಬಂದಿಯನ್ನು, ಅಂದರೆ ಸರದಿಯಂತೆ ನೀರು ಬಿಡುವುದನ್ನು, ಕೊನೆಯ ತೂಬಿನಿಂದ ಆರಂಭಿಸಿ ಎಂದು ಕೇಳುವುದಾದರೆ ಯಾರನ್ನು ಕೇಳಬೇಕು? ಭತ್ತ ಬಿಟ್ಟವರಿಗೆ ತೊಗರಿ, ಹತ್ತಿಯ ಖರೀದಿ ಕೇಂದ್ರ ಬೇಗ ತೆರೆಯಿರಿ ಎಂದು ಯಾರನ್ನು ಕೇಳಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಪ್ರಬಂಧ ಬರೆಯುವ ಕೆಲಸದ ದೊಡ್ಡ ಪಾಲು. ಪೆನ್ನು ಹಿಡಿಯುವುದು ಆಮೇಲೆ. ಮನೆಯಲ್ಲಿ ಅಪ್ಪನನ್ನೋ ದೊಡ್ಡಪ್ಪನನ್ನೋ ಕೇಳಿದರೆ ಈ ಸಂಗತಿಗಳಲ್ಲಿ ಮುಕ್ಕಾಲುಪಾಲು ಮಕ್ಕಳಿಗೆ ಸಿಕ್ಕಿಬಿಡುತ್ತವೆ. ಕೇಳಿ ಬನ್ನಿ ಎಂದು ಹೇಳುವ ಮೇಷ್ಟ್ರು ಬೇಕು.

ಕಾನೂನು ಈಗಾಗಲೇ ಇರುವ ವಿಷಯಗಳಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಬಾಲ್ಯವಿವಾಹದ ಬಗ್ಗೆ ಬರೆಯುವ ಮಕ್ಕಳು ಬಹುತೇಕ ‘ಕಠಿಣ ಕಾನೂನು ತರಬೇಕು’ ಎಂದು ಮುಗಿಸುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಈಗಾಗಲೇ ಜಾರಿಯಲ್ಲಿದೆ. ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ಬಾಲ್ಯವಿವಾಹ ತಡೆಯುವ ಬಗ್ಗೆ 2011ರಲ್ಲಿ ರಾಜ್ಯಕ್ಕೆ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಇರುವ ಕಾನೂನನ್ನೇ ಮತ್ತೆ ಕೇಳುವ ಪ್ರಬಂಧ ಓದುಗರನ್ನು ಒಪ್ಪಿಸಲಾರದು. ಹತ್ತನೇ ತರಗತಿ ಮುಗಿದ ಮೇಲೆ ಪಿಯು ಕಾಲೇಜು ದೂರ, ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಮನೆಯವರು ಗುಳೆ ಹೊರಟರೆ ಹುಡುಗಿಯನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ಅಂಜಿಕೆ, ಇಂಥವು ತಂದೆತಾಯಿ ಮದುವೆಗೆ ಆತುರಪಡುವ ಕಾರಣಗಳು. ಅಲ್ಲಿಂದ ಹೊರಟರೆ ಪರಿಹಾರ ಬಸ್ಸಿನ ವೇಳೆಗೆ, ಹೆಣ್ಣುಮಕ್ಕಳ ವಸತಿನಿಲಯಕ್ಕೆ, ಗುಳೆಯ ತಿಂಗಳುಗಳಲ್ಲಿ ನಡೆಸುವ ಋತುಮಾನ ವಸತಿ ಶಾಲೆಗೆ ಹೋಗಿ ಮುಟ್ಟುತ್ತದೆ. ಕಾನೂನಿನ ಭಾಗ ಬರೆಯಲೇಬೇಕೆಂದಿದ್ದರೆ 1098 ಸಹಾಯವಾಣಿಗೆ ಕರೆ ಮಾಡಿದ ಮೇಲೆ ಯಾರು ಬರಬೇಕು, ಎಷ್ಟು ಹೊತ್ತಿನಲ್ಲಿ ಬರಬೇಕು ಎಂಬುದನ್ನು ಬರೆಯಬೇಕು.

ಅಂಕಿಅಂಶದ ವಿಷಯದಲ್ಲಿ ಒಂದು ಮಾತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದದ್ದು ಸುದ್ದಿಯಾಗಿತ್ತು. ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ‘ನೀರು ವಿಷವಾಗಿದೆ’ ಎಂದು ಬರೆದರೆ ಓದುಗರು ಮರುಗುತ್ತಾರೆ, ಅಷ್ಟೇ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂದು ಬರೆದು, ನಮ್ಮ ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಎಂದು ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರ ಕೊಡಬೇಕಾಗುತ್ತದೆ.

ಮೌಲ್ಯಮಾಪನ

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ 125 ಅಂಕ. ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಕೆಳಗಿನ ತರಗತಿಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಅಡಿ ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳು ನಡೆಯುತ್ತವೆ. ಮೌಲ್ಯಮಾಪನ ಕೇಂದ್ರದಲ್ಲಿ ಕೂತ ಶಿಕ್ಷಕರ ಮುಂದೆ ಉತ್ತರಪತ್ರಿಕೆಗಳ ಕಟ್ಟು, ಪಕ್ಕದಲ್ಲಿ ಮಂಡಳಿಯ ಮಾದರಿ ಉತ್ತರ. ಪೀಠಿಕೆ ಇದೆಯೇ, ನಿರೂಪಣೆ ಇದೆಯೇ, ಉಪಸಂಹಾರ ಇದೆಯೇ ಎಂದು ನೋಡಿ ಅಂಕ ಹಾಕುವುದು ವಾಡಿಕೆ. ದಿನಕ್ಕೆ ಇಷ್ಟು ಪತ್ರಿಕೆ ಮುಗಿಯಬೇಕೆಂಬ ಒತ್ತಡದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಒಬ್ಬ ಮೌಲ್ಯಮಾಪಕರಿಂದ ನಿರೀಕ್ಷಿಸುವುದು ಕಷ್ಟ. ಆದರೆ ಈ ವಾಡಿಕೆಯಲ್ಲಿ ಮೇಲಿನ ಎರಡು ಮಾದರಿಗಳಿಗೂ ಸರಿಸುಮಾರು ಒಂದೇ ಅಂಕ ಬೀಳುತ್ತದೆ. ಎರಡನೆಯದು ಪ್ರಶ್ನೆಯಲ್ಲಿ ನಿಲ್ಲುತ್ತದೆ, ‘ಹೀಗೆ’ ಎಂದು ಆರಂಭವಾಗುವ ಉಪಸಂಹಾರವಿಲ್ಲ ಎಂದು ಒಂದು ಅಂಕ ಕಡಿಮೆಯೇ ಆಗಬಹುದು.

ಪ್ರಬಂಧಕ್ಕೆ ಅಂಕ ಹಾಕುವುದರಲ್ಲಿ ಓದುಗರಿಂದ ಓದುಗರಿಗೆ ಎಷ್ಟು ಅಂತರ ಬರುತ್ತದೆ ಎಂಬುದನ್ನು ಅಮೆರಿಕದಲ್ಲಿ 1961ರಲ್ಲಿ ಪಾಲ್ ಡೀಡರಿಕ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದರು. ಕಾಲೇಜಿನ ಹೊಸ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಯ 53 ಮಂದಿಗೆ ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. ಕನಿಷ್ಠ ಐದು ಬೇರೆ ಬೇರೆ ದರ್ಜೆ ಬೀಳದ ಪ್ರಬಂಧ ಒಂದೂ ಇರಲಿಲ್ಲ. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ಬಿದ್ದಿದ್ದವು. ಕೆಲವರು ವಿಚಾರ ನೋಡಿದ್ದರು, ಕೆಲವರು ಕಾಗುಣಿತ, ಇನ್ನು ಕೆಲವರು ಜೋಡಣೆ, ಪದಗಳ ಆಯ್ಕೆ. ಅಂಶವಾರು ಅಂಕ ಹಂಚುವ ಕ್ರಮಕ್ಕೆ ಇಂಥ ಅಧ್ಯಯನಗಳಿಂದಲೇ ಬಲ ಬಂತು. ಯಾವುದನ್ನು ನೋಡಬೇಕು ಎಂದು ಮೊದಲೇ ಒಪ್ಪಿಕೊಳ್ಳದಿದ್ದರೆ ಮಗುವಿನ ಅಂಕವು ಪತ್ರಿಕೆ ಯಾರ ಕೈಗೆ ಬಿತ್ತು ಎಂಬುದರ ಮೇಲೆ ನಿಲ್ಲುತ್ತದೆ.

ತರಗತಿಯಲ್ಲಿ ಹತ್ತು ಅಂಕಕ್ಕೆ ಬರೆಸುವ ಸಮಸ್ಯೆ–ಪರಿಹಾರ ಪ್ರಬಂಧಕ್ಕೆ ಈ ಲೇಖಕನ ಸಲಹೆ ಇಷ್ಟು. ಸಮಸ್ಯೆ ಎಲ್ಲಿ, ಯಾರಿಗೆ, ಯಾವಾಗ ಎಂಬುದು ನಿಖರವಾಗಿದ್ದರೆ ಎರಡು ಅಂಕ. ಕಾರಣವನ್ನು ಪರಿಣಾಮದಿಂದ ಬೇರೆ ಮಾಡಿ ಹೇಳಿದ್ದರೆ ಎರಡು. ಪರಿಹಾರಕ್ಕೆ ಮೂರು, ಅದೂ ಯಾರು ಮಾಡಬೇಕು, ಯಾವ ಹಣದಿಂದ ಅಥವಾ ಯಾವ ಅಧಿಕಾರದಿಂದ ಎಂಬುದಿದ್ದರೆ ಮಾತ್ರ. ‘ಜಾಗೃತಿ ಮೂಡಿಸಬೇಕು’ ಎಂಬುದಕ್ಕೆ ಏನೂ ಇಲ್ಲ. ಒಪ್ಪದವರ ಮಾತನ್ನು ನ್ಯಾಯವಾಗಿ ಹೇಳಿ ಉತ್ತರ ಕೊಟ್ಟಿದ್ದರೆ ಎರಡು. ಉಳಿದ ಒಂದು ಭಾಷೆಗೆ. ಈ ಹಂಚಿಕೆಯನ್ನು ಬರೆಯುವ ಮೊದಲೇ ಕರಿಹಲಗೆಯ ಮೇಲೆ ಬರೆಯಬೇಕು. ಗುಟ್ಟಾಗಿಟ್ಟ ಅಳತೆಗೋಲಿನಿಂದ ಯಾರೂ ಕಲಿಯುವುದಿಲ್ಲ.

ಭಾಷೆಗೆ ಒಂದೇ ಅಂಕವೇ ಎಂದು ಆಕ್ಷೇಪ ಬರುತ್ತದೆ. ಕನ್ನಡ ಪತ್ರಿಕೆಯಲ್ಲಿ ಕನ್ನಡವನ್ನೇ ಅಳೆಯದಿದ್ದರೆ ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಕಾಗುಣಿತ, ಸಂಧಿ, ಸಮಾಸಗಳನ್ನು ಅಳೆಯಲು ಅದೇ ಪತ್ರಿಕೆಯಲ್ಲಿ ಬೇರೆ ಪ್ರಶ್ನೆಗಳಿವೆ. ವಾದ ಅಳೆಯಲು ಪ್ರಬಂಧ ಬಿಟ್ಟರೆ ಬೇರೆ ಜಾಗವೇ ಇಲ್ಲ. ಇದರ ಜೊತೆಗೆ ಈ ಸೀಮೆಯ ಮಕ್ಕಳ ಮೇಲೆ ಬೀಳುವ ಇನ್ನೊಂದು ಭಾರವಿದೆ. ಮನೆಯಲ್ಲಿ ‘ಬೆಂಗಳೂರಿಗಿ ದುಡಿಲಾಕ ಹೋಗ್ಯಾರ’ ಎನ್ನುವ ಹುಡುಗ ಅದನ್ನು ‘ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ’ ಎಂದು ಬರೆಯಲು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗಡಿಭಾಗದ, ತಾಂಡಾದ ಮಕ್ಕಳಿಗೆ ಮನೆಮಾತು ತೆಲುಗು, ಲಂಬಾಣಿ, ಉರ್ದು. ಅವರಿಗೆ ಶಿಷ್ಟ ಕನ್ನಡ ಮೂರನೆಯ ಮೆಟ್ಟಿಲು. ಮೊದಲ ಕರಡಿನಲ್ಲಿ ಮಾತಿನ ರೂಪ ಬಂದ ಕೂಡಲೇ ಕೆಂಪು ಶಾಯಿ ಹರಿದರೆ ಮಗು ಸುರಕ್ಷಿತವಾದ ಗೈಡಿನ ವಾಕ್ಯಕ್ಕೆ ಓಡಿಹೋಗುತ್ತದೆ, ಜೊತೆಗೆ ಅದರ ಊರೂ ಅದರ ಕಾಲುವೆಯೂ ಹೋಗುತ್ತವೆ. ಮೊದಲ ಕರಡಿನಲ್ಲಿ ವಿಚಾರಕ್ಕೆ ಮಾತ್ರ ಟಿಪ್ಪಣಿ ಬರೆದು, ಎರಡನೆಯದರಲ್ಲಿ ಭಾಷೆ ತಿದ್ದುವುದು ಇದಕ್ಕೆ ಮದ್ದು. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ ನಡೆಸುವ ಶಿಕ್ಷಕರಿಗೆ ಇದು ಹೊರೆಯೇ ಹೌದು. ತಿಂಗಳಿಗೊಂದು ಪ್ರಬಂಧ ಬರೆಸುವ ಬದಲು ಅರ್ಧವಾರ್ಷಿಕಕ್ಕೊಂದನ್ನೇ ಎರಡು ಬಾರಿ ಬರೆಸಿದರೆ ಆ ಹೊರೆ ತೂಗಿಸಬಹುದು.

ಮಕ್ಕಳ ಗ್ರಾಮಸಭೆ

ಪರೀಕ್ಷೆಯ ಹೊರಗೆ ಈ ಪ್ರಬಂಧಕ್ಕೆ ನಿಜವಾದ ಓದುಗರು ಸಿಗುವ ಒಂದು ಸಂದರ್ಭ ಕರ್ನಾಟಕದ ಹಳ್ಳಿಗಳಲ್ಲಿದೆ. ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯೊಳಗೆ, ಮಕ್ಕಳ ಗ್ರಾಮಸಭೆ ನಡೆಸಬೇಕು. ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಶಿಕ್ಷಣ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಎದುರು ಕೂರುತ್ತಾರೆ. ಮಕ್ಕಳು ಎದ್ದು ಹೇಳುತ್ತಾರೆ. ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ಮೇಲೆ ವಿದ್ಯುತ್ ತಂತಿ ಹಾದಿದೆ, ಬಸ್ಸು ನಿಲ್ಲಿಸುವುದಿಲ್ಲ, ಗಣಿತಕ್ಕೆ ಮೇಷ್ಟ್ರಿಲ್ಲ. ಒಂದು ಸಾಲಿನಲ್ಲಿ ಕೇಳಿದ ಬೇಡಿಕೆಗೆ ‘ನೋಡೋಣ’ ಎಂಬ ಒಂದು ಸಾಲಿನ ಉತ್ತರ ಸಿಗುತ್ತದೆ. ಕಾರಣ, ಪರಿಹಾರ, ಹೊಣೆಗಾರರ ಹೆಸರು ಬರೆದುಕೊಂಡು ಬಂದು ಓದಿದ ಬೇಡಿಕೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ, ಮುಂದಿನ ವರ್ಷದ ಸಭೆಯಲ್ಲಿ ಅನುಪಾಲನೆಯನ್ನು, ಅಂದರೆ ಏನು ಕ್ರಮವಾಯಿತು ಎಂಬ ವರದಿಯನ್ನು, ಓದಬೇಕಾಗುತ್ತದೆ. ಕನ್ನಡ ಶಿಕ್ಷಕರು ಅಕ್ಟೋಬರ್‌ನಲ್ಲಿ ಪ್ರಬಂಧ ಪಾಠ ಇಟ್ಟುಕೊಂಡರೆ ಮಕ್ಕಳು ಬರೆದದ್ದನ್ನು ಅಲ್ಲಿಗೇ ಒಯ್ಯಬಹುದು. ಅನುಪಾಲನೆಯ ಒಂದು ಪ್ರತಿಯನ್ನು ಪಂಚಾಯಿತಿಯಿಂದ ಕೇಳಿ ತಂದು, ಹಿಂದಿನ ವರ್ಷ ಬರೆದ ಪ್ರಬಂಧದ ಪಕ್ಕದಲ್ಲಿಟ್ಟು, ಯಾವ ಬೇಡಿಕೆಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ, ಬಾರದಿದ್ದರೆ ಬರೆದದ್ದರಲ್ಲಿ ಏನು ಕಡಿಮೆಯಾಗಿತ್ತು, ಕಚೇರಿಯಲ್ಲಿ ಏನು ತಡೆಯಿತು ಎಂದು ಮಕ್ಕಳೇ ಗುರುತು ಹಾಕಬಹುದು.